ಗೇಮ್ ಕನ್ಸೋಲ್‌ಗಳ ಬಿಡುಗಡೆಯ ಮಾರಾಟವನ್ನು ಹೋಲಿಸುವ ಕ್ರಮ

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಬಿಬಿಎ, ಎಂಬಿಎ ಓದುವ ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿಗೆ ವಿಡಿಯೊ ಗೇಮ್ ಉದ್ಯಮವನ್ನು ಆರಿಸಿಕೊಳ್ಳುವುದುಂಟು. ಗೇಮಿಂಗ್ ಪಾರ್ಲರ್ ನಡೆಸುವವರು ಕೂಡ ಹೊಸ ಕನ್ಸೋಲ್ (ಗೇಮ್ ಆಡುವ ಯಂತ್ರ) ಮೇಲೆ ಹಣ ಹಾಕುವ ಮುನ್ನ ಅದು ಹೊರದೇಶಗಳಲ್ಲಿ ಹೇಗೆ ಹೋಗುತ್ತಿದೆ ಎಂದು ವಿಚಾರಿಸುತ್ತಾರೆ. ಇಬ್ಬರಿಗೂ ಮೊದಲು ಸಿಗುವುದು ಕಂಪನಿಯ ಪ್ರಕಟಣೆಯಲ್ಲಿರುವ ಒಂದು ಸಂಖ್ಯೆ: ಇಷ್ಟು ದಿನದಲ್ಲಿ ಇಷ್ಟು ಲಕ್ಷ. ಇಂಥ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು, ದೊಡ್ಡದು ಗೆದ್ದಿತೆಂದು ಬರೆದುಬಿಡುವುದು ಸುಲಭ. ಆದರೆ ಕಂಪನಿ ಎಷ್ಟು ಮಾಲು ತಯಾರಿಸಿ, ಎಷ್ಟು ದೇಶಗಳಿಗೆ, ವರ್ಷದ ಯಾವ ತಿಂಗಳಲ್ಲಿ ಕಳಿಸಿತು ಎಂಬುದನ್ನೇ ಬಿಡುಗಡೆಯ ಸಂಖ್ಯೆ ಮೊದಲಿಗೆ ತಿಳಿಸುತ್ತದೆ. ಜನರ ಬೇಡಿಕೆ ಇವುಗಳ ನಡುವೆ ಬೆರೆತುಹೋಗಿರುತ್ತದೆ. ಅದನ್ನು ಬೇರ್ಪಡಿಸಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಕೆಲಸ ಆರಂಭಿಸುವ ಮುನ್ನ ಎಕ್ಸೆಲ್‌ನಲ್ಲಿಯೋ ಗೆರೆ ಹಾಕಿದ ಹಾಳೆಯಲ್ಲಿಯೋ ಒಂದು ಕೋಷ್ಟಕ ಮಾಡಿಕೊಳ್ಳಬೇಕು. ಕನ್ಸೋಲ್ ಹೆಸರು, ಬಿಡುಗಡೆಯ ದಿನಾಂಕ, ಸಂಖ್ಯೆ ಯಾವ ದಿನಾಂಕದವರೆಗಿನದು, ಎಷ್ಟು ದೇಶಗಳದ್ದು, ಯಾರು ಪ್ರಕಟಿಸಿದ್ದು, ಏನನ್ನು ಎಣಿಸಿದ್ದು ಎಂಬ ಅಂಕಣಗಳು ಅದರಲ್ಲಿರಲಿ. ಪ್ರಕಟಣೆಗಳು ಮಿಲಿಯನ್ ಲೆಕ್ಕದಲ್ಲಿ ಇರುವುದರಿಂದ ಎಲ್ಲವನ್ನೂ ಆರಂಭದಲ್ಲಿಯೇ ಲಕ್ಷಕ್ಕೆ ತಿರುಗಿಸಿಕೊಳ್ಳುವುದು ಒಳ್ಳೆಯದು. 1 ಮಿಲಿಯನ್ ಎಂದರೆ 10 ಲಕ್ಷ, 2.74 ಮಿಲಿಯನ್ ಎಂದರೆ 27.4 ಲಕ್ಷ. ದಶಮಾಂಶದ ಒಂದು ಚುಕ್ಕೆ ಆಚೀಚೆಯಾದರೆ ಮುಂದಿನ ಲೆಕ್ಕವೆಲ್ಲ ಹತ್ತು ಪಟ್ಟು ಕೆಡುತ್ತದೆ.

ಈ ಅಂಕಣಗಳಲ್ಲಿ ಅತಿ ಮುಖ್ಯವಾದದ್ದು ಕೊನೆಯದು, ಅಂದರೆ ಏನನ್ನು ಎಣಿಸಿದ್ದು ಎಂಬುದು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಸುದ್ದಿಯನ್ನು ಓದುವ ರೂಢಿಯಿದ್ದವರಿಗೆ ಆವಕಕ್ಕೂ ಮಾರಾಟಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ದರ ಒಪ್ಪಿಗೆಯಾಗದೆ ದಲಾಲರ ಅಂಗಡಿಯಲ್ಲಿಯೇ ಉಳಿದ ಚೀಲವೂ ಅಂದಿನ ಆವಕದ ಲೆಕ್ಕದಲ್ಲಿ ಸೇರಿರುತ್ತದೆ. ಕನ್ಸೋಲ್ ವ್ಯಾಪಾರದಲ್ಲಿಯೂ ಇಂಥವೇ ಎರಡು ಲೆಕ್ಕಗಳಿವೆ. ಕಂಪನಿಯಿಂದ ವಿತರಕರಿಗೆ ಮತ್ತು ಅಂಗಡಿಗಳಿಗೆ ಹೋದ ಮಾಲಿನ ಲೆಕ್ಕ ಒಂದು, ಅದನ್ನು ಸೆಲ್-ಇನ್ ಎನ್ನುತ್ತಾರೆ. ಅಂಗಡಿಯಿಂದ ಗಿರಾಕಿಯ ಕೈಸೇರಿದ್ದರ ಲೆಕ್ಕ ಇನ್ನೊಂದು, ಅದು ಸೆಲ್-ಥ್ರೂ. ನಿಂಟೆಂಡೊ ತನ್ನ ತ್ರೈಮಾಸಿಕ ವರದಿಯಲ್ಲಿ ಕೊಡುವ ಸಂಖ್ಯೆ ಮೊದಲ ಬಗೆಯದು. ಸೋನಿ ಹಿಂದೆ ಇನ್ನೂ ಒಂದು ಹೆಜ್ಜೆ ಹಿಂದಿನ ಲೆಕ್ಕವನ್ನು, ಅಂದರೆ ಕಾರ್ಖಾನೆಯಿಂದ ಹೊರಬಿದ್ದ ಮಾಲಿನ ಲೆಕ್ಕವನ್ನು ಕೊಡುತ್ತಿತ್ತು. 2007ರಲ್ಲಿ ಅದನ್ನು ಬದಲಿಸಿ ಪುಸ್ತಕದಲ್ಲಿ ದಾಖಲಾದ ಮಾರಾಟವನ್ನು ಕೊಡಲಾರಂಭಿಸಿತು. ಹಾಗಾಗಿ ಪ್ಲೇಸ್ಟೇಷನ್ 2ರ ಆರಂಭದ ವರ್ಷಗಳ ಸಂಖ್ಯೆಯನ್ನು ಪ್ಲೇಸ್ಟೇಷನ್ 4ರ ಸಂಖ್ಯೆಯ ಪಕ್ಕದಲ್ಲಿ ಇಡುವಾಗ ಒಂದೇ ಕಂಪನಿಯದೆಂಬ ಭರವಸೆಯಿಂದ ಇಡುವಂತಿಲ್ಲ. ಮೈಕ್ರೋಸಾಫ್ಟ್ 2015ರಿಂದ ಈಚೆಗೆ ಎಕ್ಸ್‌ಬಾಕ್ಸ್‌ಗಳ ಸಂಖ್ಯೆಯನ್ನು ಪ್ರಕಟಿಸುವುದನ್ನೇ ಬಿಟ್ಟಿದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಸೀರೀಸ್ ಎಸ್ ಕನ್ಸೋಲ್‌ಗಳ ಬಿಡುಗಡೆಯ ಸಂಖ್ಯೆ ಎಂದು ಯಾರಾದರೂ ಬರೆದಿದ್ದರೆ ಅದು ಹೊರಗಿನವರ ಅಂದಾಜು. ಕೋಷ್ಟಕದಲ್ಲಿ ಅದನ್ನು ಅಂದಾಜೆಂದೇ ನಮೂದಿಸಬೇಕು.

ಒಂದೇ ಕನ್ಸೋಲ್‌ಗೆ ಎರಡೂ ಬಗೆಯ ಸಂಖ್ಯೆಗಳು ಸಿಕ್ಕಾಗ ಎಚ್ಚರ ಇನ್ನಷ್ಟು ಬೇಕು. ನಿಂಟೆಂಡೊ ಸ್ವಿಚ್ 2 ಬಿಡುಗಡೆಯಾದದ್ದು 2025ರ ಜೂನ್ 5ರಂದು. ಮೊದಲ 4 ದಿನಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಕನ್ಸೋಲ್‌ಗಳು ಮಾರಾಟವಾದವೆಂದು ಕಂಪನಿ ಪ್ರಕಟಿಸಿತು. ಅದು ಗಿರಾಕಿಗಳ ಕೈಸೇರಿದ್ದು. ಜೂನ್ 30ಕ್ಕೆ ಮುಗಿದ ತ್ರೈಮಾಸಿಕದ ವರದಿಯಲ್ಲಿದ್ದ 58.2 ಲಕ್ಷ ಅಂಗಡಿಗಳಿಗೆ ಹೋದದ್ದು. ಒಂದರಿಂದ ಇನ್ನೊಂದನ್ನು ಕಳೆದು, ಉಳಿದ ದಿನಗಳಲ್ಲಿ 23 ಲಕ್ಷ ಜನ ಕೊಂಡರೆಂದು ಬರೆದರೆ ಆ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ.

ಎರಡನೆಯದಾಗಿ ದಿನಗಳನ್ನು ಎಣಿಸಬೇಕು, ಅದೂ ಬೆರಳು ಮಡಚಿ ಎಣಿಸಿದಷ್ಟು ನಿಖರವಾಗಿ. ಜಪಾನಿನ ಫಾಮಿತ್ಸು ಪತ್ರಿಕೆ ಪ್ರತಿ ವಾರದ ಮಾರಾಟದ ಅಂದಾಜನ್ನು ಪ್ರಕಟಿಸುತ್ತದೆ, ಮತ್ತು ಅದರ ವಾರ ಭಾನುವಾರಕ್ಕೆ ಮುಗಿಯುತ್ತದೆ. ಶನಿವಾರ ಬಿಡುಗಡೆಯಾದ ಕನ್ಸೋಲ್‌ಗೆ ಮೊದಲ ವಾರವೆಂದರೆ 2 ದಿನ. ಗುರುವಾರ ಬಿಡುಗಡೆಯಾದದ್ದಕ್ಕೆ 4 ದಿನ. ಪ್ಲೇಸ್ಟೇಷನ್ 4 ಜಪಾನಿಗೆ ಬಂದದ್ದು 2014ರ ಫೆಬ್ರವರಿ 22ರ ಶನಿವಾರ, ಮೊದಲ ವಾರದ ಮಾರಾಟ 3,22,083. ಪ್ಲೇಸ್ಟೇಷನ್ 5 ಬಂದದ್ದು 2020ರ ನವೆಂಬರ್ 12ರ ಗುರುವಾರ, ಮೊದಲ ವಾರದ ಮಾರಾಟ 1,18,085. ಎರಡು ಪಟ್ಟು ದಿನಗಳಿದ್ದರೂ ಹೊಸದು ಹಳೆಯದರ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಮಾರಾಟವಾಯಿತು. ಇದರ ಕಾರಣವನ್ನು ಮುಂದೆ ನೋಡೋಣ. ಸದ್ಯಕ್ಕೆ, ದಿನಗಳನ್ನು ಸರಿಹೊಂದಿಸಿದ ಮೇಲೆ ಅಂತರ ಕಡಿಮೆಯಾಗುವುದರ ಬದಲು ಹೆಚ್ಚೂ ಆಗಬಹುದು ಎಂಬುದನ್ನು ಗಮನಿಸಿದರೆ ಸಾಕು. ಅಮೆರಿಕದಲ್ಲಿ ಮಾರುಕಟ್ಟೆ ಸಮೀಕ್ಷೆ ನಡೆಸುವ ಎನ್‌ಪಿಡಿ ಸಂಸ್ಥೆಯ, ಅಂದರೆ ಈಗಿನ ಸರ್ಕಾನಾದ, ವರದಿಗಳಲ್ಲಿ ತಿಂಗಳೆಂದರೆ ಕೆಲವೊಮ್ಮೆ 4 ವಾರ, ಕೆಲವೊಮ್ಮೆ 5 ವಾರ ಎಂಬುದನ್ನೂ ಮರೆಯಬಾರದು.

ದಿನಗಳ ಜೊತೆಗೆ ಋತುವೂ ಬರುತ್ತದೆ. ನಮ್ಮ ಕೊಪ್ಪಿಕರ್ ರಸ್ತೆಯಲ್ಲಿ ದಸರೆಯಿಂದ ದೀಪಾವಳಿಯವರೆಗೆ ಟಿವಿ, ಮೊಬೈಲ್ ಅಂಗಡಿಗಳ ಗಲ್ಲೆ ತುಂಬುವಂತೆ ಅಮೆರಿಕದ ಅಂಗಡಿಗಳಿಗೆ ನವೆಂಬರ್ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್‌ನಿಂದ ಕ್ರಿಸ್‌ಮಸ್‌ವರೆಗಿನ ಕಾಲವೇ ಸುಗ್ಗಿ. ನವೆಂಬರಿನಲ್ಲಿ ಬಿಡುಗಡೆಯಾದ ಕನ್ಸೋಲ್‌ಗೆ ಈ ಸುಗ್ಗಿ ತಾನಾಗಿ ಒದಗುತ್ತದೆ. ಮಾರ್ಚ್ 3ರಂದು ಬಿಡುಗಡೆಯಾದ ಮೊದಲ ಸ್ವಿಚ್‌ಗೆ ಅದು ಇರಲಿಲ್ಲ.

ದೇಶಗಳ ಸಂಖ್ಯೆಯನ್ನು ಮೂರನೆಯದಾಗಿ ನೋಡಬೇಕು. ಇದನ್ನು ಬೇರೆಯಾಗಿ ವಿವರಿಸುವುದಕ್ಕಿಂತ, ಇದುವರೆಗೆ ಹೇಳಿದ್ದೆಲ್ಲ ಒಟ್ಟಿಗೆ ಬರುವ 2013ರ ಜೋಡಿಯನ್ನು ಎತ್ತಿಕೊಂಡು ಲೆಕ್ಕ ಮಾಡಿ ತೋರಿಸುವುದು ಮೇಲು. ಪ್ಲೇಸ್ಟೇಷನ್ 4 ಅಮೆರಿಕ ಮತ್ತು ಕೆನಡಾದಲ್ಲಿ ನವೆಂಬರ್ 15ರಂದು, ಎಕ್ಸ್‌ಬಾಕ್ಸ್ ಒನ್ 13 ದೇಶಗಳಲ್ಲಿ ನವೆಂಬರ್ 22ರಂದು ಬಿಡುಗಡೆಯಾದವು. ಮೊದಲ 24 ಗಂಟೆಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತೆಂದು ಎರಡೂ ಕಂಪನಿಗಳು ಘೋಷಿಸಿದವು. ಅಂದಿನ ತಲೆಬರಹಗಳನ್ನು ಓದಿದವರಿಗೆ ಪಂದ್ಯ ಸಮಬಲದ್ದೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಒಂದು 10 ಲಕ್ಷ ಬಂದದ್ದು 2 ದೇಶಗಳಿಂದ, ಇನ್ನೊಂದು 13 ದೇಶಗಳಿಂದ.

ಮುಂದಿನ ಪ್ರಕಟಣೆಗಳಲ್ಲಿ ಸೋನಿ ಡಿಸೆಂಬರ್ 1ರವರೆಗೆ 21 ಲಕ್ಷ ಎಂದಿತು. ಬಿಡುಗಡೆಯ ದಿನವನ್ನೂ ಸೇರಿಸಿ ಎಣಿಸಿದರೆ 17 ದಿನ. ಮೈಕ್ರೋಸಾಫ್ಟ್ 18 ದಿನಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಎಂದಿತು. ಎರಡೂ ಗಿರಾಕಿಗಳ ಕೈಸೇರಿದ ಲೆಕ್ಕ, ಎರಡರಲ್ಲಿಯೂ ನವೆಂಬರ್ 29ರ ಬ್ಲ್ಯಾಕ್ ಫ್ರೈಡೆಯ, ಅಂದರೆ ಥ್ಯಾಂಕ್ಸ್‌ಗಿವಿಂಗ್ ಮರುದಿನದ ರಿಯಾಯಿತಿ ಮಾರಾಟದ, ಖರೀದಿ ಸೇರಿದೆ, ದಿನಗಳೂ ಹೆಚ್ಚುಕಡಿಮೆ ಸಮ. ಹೋಲಿಕೆಗೆ ಇಷ್ಟು ಅನುಕೂಲವಾದ ಜೋಡಿ ಅಪರೂಪಕ್ಕೆ ಸಿಗುತ್ತದೆ. ಉಳಿದ ತೊಡಕು ದೇಶಗಳದ್ದು: ಪ್ಲೇಸ್ಟೇಷನ್ 4 ಯುರೋಪಿಗೆ ಕಾಲಿಟ್ಟದ್ದು ನವೆಂಬರ್ 29ರಂದು, ಆದ್ದರಿಂದ ಅದರ 17 ದಿನಗಳಲ್ಲಿ ಮೊದಲ 14 ದಿನ ಅದು ಎರಡೇ ದೇಶಗಳಲ್ಲಿತ್ತು. ಎಕ್ಸ್‌ಬಾಕ್ಸ್ ಒನ್‌ಗೆ 13 ದೇಶಗಳ ಬಾಗಿಲು ಮೊದಲ ದಿನವೇ ತೆರೆದಿತ್ತು.

ಇಲ್ಲಿ ಒಟ್ಟು ಸಂಖ್ಯೆಯನ್ನು ದಿನಗಳಿಂದ ಭಾಗಿಸಿ ಸರಾಸರಿ ತೆಗೆಯಬೇಕೆನಿಸುವುದು ಸಹಜ. ಹಾಗೆ ಮಾಡಬಾರದು. ಮುಂಗಡ ಬುಕಿಂಗ್ ಮಾಡಿ ತಿಂಗಳುಗಟ್ಟಲೆ ಕಾದವರೆಲ್ಲ ಒಂದೇ ದಿನ ಬಂದು ಡಬ್ಬಿ ಒಯ್ಯುವುದರಿಂದ ಮೊದಲ ದಿನದ ಸಂಖ್ಯೆ ಉಳಿದ ದಿನಗಳ ಸಾಲಿಗೆ ಸೇರುವಂಥದ್ದಲ್ಲ. ಅದನ್ನು ಬೇರೆ ತೆಗೆದಿಟ್ಟು, ನಂತರದ ಅವಧಿಗಳ ವೇಗವನ್ನು ಮಾತ್ರ ಲೆಕ್ಕ ಹಾಕಬೇಕು. ಸೋನಿಯ ಮುಂದಿನ ಸಂಖ್ಯೆ ಡಿಸೆಂಬರ್ 28ರವರೆಗೆ 42 ಲಕ್ಷ. ಅಂದರೆ ಡಿಸೆಂಬರ್ 1ರ ನಂತರದ 27 ದಿನಗಳಲ್ಲಿ 21 ಲಕ್ಷ, ದಿನಕ್ಕೆ ಸುಮಾರು 78 ಸಾವಿರ. ಮೈಕ್ರೋಸಾಫ್ಟ್ ವರ್ಷದ ಕೊನೆಯವರೆಗೆ 30 ಲಕ್ಷಕ್ಕೂ ಹೆಚ್ಚು ಎಂದಿತು. 18ನೆಯ ದಿನವಾದ ಡಿಸೆಂಬರ್ 9ರ ನಂತರದ 22 ದಿನಗಳಲ್ಲಿ ಸುಮಾರು 10 ಲಕ್ಷ, ದಿನಕ್ಕೆ 45 ಸಾವಿರದ ಆಸುಪಾಸು. ‘ಲಕ್ಷಕ್ಕೂ ಹೆಚ್ಚು’ ಎಂಬ ಮಾತು ಎಷ್ಟನ್ನು ಮುಚ್ಚಿಡುತ್ತದೆಂದು ತಿಳಿಯದ ಕಾರಣ ಇವನ್ನು ಸ್ಥೂಲವೆಂದೇ ಎಣಿಸಬೇಕು. ಆದರೂ ಮೊದಲ ದಿನ ಸಮವಾಗಿ ಕಂಡ ಎರಡು ಕನ್ಸೋಲ್‌ಗಳು ಆರೇ ವಾರಗಳಲ್ಲಿ ಬೇರೆ ಬೇರೆ ದಾರಿ ಹಿಡಿದದ್ದು ಈ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಪ್ಲೇಸ್ಟೇಷನ್ 4ರ ಬೆಲೆ 399 ಡಾಲರ್, ಆಡುವವರ ಚಲನವಲನ ಗುರುತಿಸುವ ಕಿನೆಕ್ಟ್ ಕ್ಯಾಮೆರಾ ಸಹಿತವಾದ ಎಕ್ಸ್‌ಬಾಕ್ಸ್ ಒನ್‌ನ ಬೆಲೆ 499 ಡಾಲರ್ ಆಗಿತ್ತೆಂಬುದನ್ನು ಕೋಷ್ಟಕದ ಬದಿಯಲ್ಲಿ ಬರೆದಿಟ್ಟುಕೊಳ್ಳಬೇಕು. 2014ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಕಿನೆಕ್ಟ್ ಇಲ್ಲದ ಮಾದರಿಯನ್ನು 399 ಡಾಲರಿಗೆ ತಂದಿತು. 2022ರಲ್ಲಿ ಬ್ರೆಜಿಲ್‌ನ ಸ್ಪರ್ಧಾ ನಿಯಂತ್ರಣ ಸಂಸ್ಥೆಗೆ ಸಲ್ಲಿಸಿದ ದಾಖಲೆಯಲ್ಲಿ, ಆ ತಲೆಮಾರಿನಲ್ಲಿ ಸೋನಿ ಎಕ್ಸ್‌ಬಾಕ್ಸ್‌ನ ಎರಡು ಪಟ್ಟಿಗಿಂತ ಹೆಚ್ಚು ಮಾರಿತೆಂದು ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡಿತು.

ಇನ್ನು ಮಾಲಿನ ಕೊರತೆಯ ವಿಷಯ. ಅಂಗಡಿಯಲ್ಲಿ ಇದ್ದದ್ದೆಲ್ಲ ಖರ್ಚಾದಾಗ ಮಾರಾಟದ ಸಂಖ್ಯೆ ಬೇಡಿಕೆಯ ಅಳತೆಯಾಗಿ ಉಳಿಯುವುದಿಲ್ಲ. ಎಷ್ಟು ಬಂದಿತ್ತೋ ಅಷ್ಟು ಹೋಯಿತು ಎಂದಷ್ಟೇ ಅದು ಹೇಳುತ್ತದೆ. 2000ದ ಅಕ್ಟೋಬರ್ 26ರಂದು ಪ್ಲೇಸ್ಟೇಷನ್ 2 ಅಮೆರಿಕದಲ್ಲಿ ಬಿಡುಗಡೆಯಾದಾಗ ಮೊದಲ ದಿನಕ್ಕೆ 10 ಲಕ್ಷ ಕಳಿಸುವ ಯೋಜನೆಯಿತ್ತು, ಬಿಡಿಭಾಗಗಳ ಕೊರತೆಯಿಂದ ಕಳಿಸಲಾದದ್ದು 5 ಲಕ್ಷ. ಮುಂದೆ 15.5 ಕೋಟಿ ದಾಟಿದ ಕನ್ಸೋಲ್‌ನ ಮೊದಲ ದಿನದ ಸಂಖ್ಯೆ ಅದರ ಕಾರ್ಖಾನೆಯ ಕಥೆಯನ್ನಷ್ಟೇ ಹೇಳುತ್ತಿತ್ತು. ಜಪಾನಿನಲ್ಲಿ ಪ್ಲೇಸ್ಟೇಷನ್ 5ರ ಮೊದಲ ವಾರ ಅಷ್ಟು ಚಿಕ್ಕದಾಗಿದ್ದುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಕೋವಿಡ್ ಕಾಲದಲ್ಲಿ ತಯಾರಾದ ಮಾಲನ್ನು ಅನೇಕ ದೇಶಗಳಿಗೆ ಒಂದೇ ವಾರದಲ್ಲಿ ಹಂಚಬೇಕಾಗಿತ್ತು.

ಕೊರತೆಯಿದ್ದ ಕನ್ಸೋಲ್‌ನ ಬೇಡಿಕೆಯನ್ನು ಅಂದಾಜು ಮಾಡಲು ಮಾರಾಟದ ಹೊರಗಿನ ಗುರುತುಗಳನ್ನು ಹುಡುಕಬೇಕು. ಅಂಥವುಗಳಲ್ಲಿ ಒಳ್ಳೆಯದು, ಕೊಳ್ಳುವ ಅವಕಾಶ ಯಾರಿಗೆಂದು ತೀರ್ಮಾನಿಸಲು ಇಡುವ ಲಾಟರಿಯ ಅರ್ಜಿಗಳ ಸಂಖ್ಯೆ. ಸ್ವಿಚ್ 2ಕ್ಕಾಗಿ ನಿಂಟೆಂಡೊ ತನ್ನ ಜಪಾನಿ ಆನ್‌ಲೈನ್ ಅಂಗಡಿಯಲ್ಲಿ ಲಾಟರಿ ಇಟ್ಟಾಗ ಸುಮಾರು 22 ಲಕ್ಷ ಜನ ಅರ್ಜಿ ಹಾಕಿದರು. ಹಳೆಯ ಸ್ವಿಚ್‌ನಲ್ಲಿ 50 ಗಂಟೆಗಿಂತ ಹೆಚ್ಚು ಆಡಿರಬೇಕು, ಆನ್‌ಲೈನ್ ಸದಸ್ಯತ್ವ ಒಂದು ವರ್ಷಕ್ಕೆ ಕಡಿಮೆಯಿರಬಾರದು ಎಂಬ ಷರತ್ತುಗಳಿದ್ದುದರಿಂದ ಇವರಲ್ಲಿ ಹೆಚ್ಚಿನವರು ನಿಜವಾಗಿ ಆಡುವವರೇ ಎನ್ನಲು ಅಡ್ಡಿಯಿಲ್ಲ. ಜಪಾನಿನಲ್ಲಿ ಮೊದಲ 4 ದಿನಗಳಲ್ಲಿ ಫಾಮಿತ್ಸು ಲೆಕ್ಕದ ಪ್ರಕಾರ ಮಾರಾಟವಾದದ್ದು 9,47,931. ಮೊದಲ ಸ್ವಿಚ್ 3 ದಿನಗಳಲ್ಲಿ 3,30,637 ಮಾರಾಟವಾಗಿತ್ತು. ಸುಮಾರು ಮೂರು ಪಟ್ಟಿನ ಈ ಏರಿಕೆಯಿದ್ದರೂ ಅರ್ಜಿ ಹಾಕಿದವರ ಅರ್ಧ ಭಾಗಕ್ಕೂ ಸಾಲುವಷ್ಟು ಮಾಲು ಆ ವಾರ ಇಡೀ ದೇಶದಲ್ಲಿ ಮಾರಾಟವಾಗಲಿಲ್ಲ ಎಂಬುದನ್ನು ಕೂಡಿಸಿ ಓದಿದಾಗ ಬೇಡಿಕೆಯ ಗಾತ್ರ ಅಂದಾಜಿಗೆ ಸಿಗುತ್ತದೆ. ಬುಕಿಂಗ್ ಎಷ್ಟು ಹೊತ್ತಿನಲ್ಲಿ ಮುಗಿಯಿತು ಎಂಬುದು ಇದಕ್ಕೆ ಹೋಲಿಸಿದರೆ ದುರ್ಬಲ ಗುರುತು. 2021ರ ಜನವರಿ 12ರಂದು ಭಾರತದಲ್ಲಿ ಪ್ಲೇಸ್ಟೇಷನ್ 5ರ ಬುಕಿಂಗ್ ತೆರೆದ ನಿಮಿಷಗಳಲ್ಲಿಯೇ ಖಾಲಿಯಾಯಿತು. ಎಷ್ಟು ಪೀಸ್ ಇಟ್ಟಿದ್ದರೆಂದು ತಿಳಿಯದೆ ಆ ನಿಮಿಷಗಳಿಂದ ಏನನ್ನೂ ಅಳೆಯಲಾಗದು. ಮರುಮಾರಾಟದ ದರವನ್ನೂ ನಾನು ಹೆಚ್ಚು ನಂಬುವುದಿಲ್ಲ; ಕಾಳಸಂತೆಯಲ್ಲಿ ಕೇಳಿದ ಬೆಲೆಯನ್ನೆಲ್ಲ ಯಾರೋ ಕೊಟ್ಟಿರುತ್ತಾರೆ ಎಂದುಕೊಳ್ಳುವಂತಿಲ್ಲ.

ಇಷ್ಟಾದ ಮೇಲೆ ಉಳಿಯುವುದು, ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಫಲ ಕೊಡುವ ಪರೀಕ್ಷೆ: ಬಿಡುಗಡೆಯ ನಂತರದ ಮೊದಲ ಪೂರ್ಣ ತ್ರೈಮಾಸಿಕವನ್ನು ನೋಡುವುದು. ಇದಕ್ಕೆ ನಿಂಟೆಂಡೊದ ವೀ ಮತ್ತು ವೀ ಯು ಕನ್ಸೋಲ್‌ಗಳ ಜೋಡಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕಂಪನಿ ಒಂದೇ, ಎಣಿಕೆಯ ಬಗೆ ಒಂದೇ, ಋತುವೂ ಒಂದೇ. ವೀ ಅಮೆರಿಕದಲ್ಲಿ ಬಂದದ್ದು 2006ರ ನವೆಂಬರ್ 19ರಂದು, ವೀ ಯು 2012ರ ನವೆಂಬರ್ 18ರಂದು. ಆಯಾ ವರ್ಷದ ಡಿಸೆಂಬರ್ 31ರವರೆಗೆ ವೀ 31.9 ಲಕ್ಷ, ವೀ ಯು 30.6 ಲಕ್ಷ. ಇಷ್ಟನ್ನೇ ನೋಡಿದವರು ಎರಡೂ ಅವಳಿಗಳೆಂದು ಬರೆಯುತ್ತಾರೆ. ಮುಂದಿನ ಜನವರಿಯಿಂದ ಮಾರ್ಚ್‌ವರೆಗೆ ವೀ ಮತ್ತೆ 26.5 ಲಕ್ಷ ಹೋಯಿತು, ವೀ ಯು 3.9 ಲಕ್ಷ. ಆರಂಭದ ಸಂಖ್ಯೆಯ ಶೇಕಡಾವಾರು ಹೇಳಿದರೆ ಒಂದು 83, ಇನ್ನೊಂದು 13. ಅಂಗಡಿಗಳಲ್ಲಿ ಡಬ್ಬಿಗಳು ಕರಗದಿದ್ದಾಗ ಅಂಗಡಿಯವರು ಹೊಸ ಮಾಲು ತರಿಸುವುದಿಲ್ಲ, ಅದು ಕಂಪನಿಯ ಪುಸ್ತಕದಲ್ಲಿ ಮೂರು ತಿಂಗಳು ತಡವಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಸೆಲ್-ಇನ್ ಸಂಖ್ಯೆ ಮಾತ್ರ ಕೈಯಲ್ಲಿದ್ದರೂ ಈ ಅನುಪಾತದ ಮೂಲಕ ಗಿರಾಕಿಗಳ ಒಲವನ್ನು ಹಿಂದಿನಿಂದ ಓದಬಹುದು. ವೀ ತನ್ನ ಜೀವಿತಾವಧಿಯಲ್ಲಿ 10.16 ಕೋಟಿ ಮುಟ್ಟಿತು. ವೀ ಯು 1.35 ಕೋಟಿಯ ಆಸುಪಾಸಿನಲ್ಲಿ ನಿಂತಿತು. 2017ರ ಸ್ವಿಚ್ ಮಾರ್ಚ್ ಕೊನೆಯವರೆಗಿನ 29 ದಿನಗಳಲ್ಲಿ 27.4 ಲಕ್ಷ ಹೋಗಿ, ಹಬ್ಬದ ಆಸರೆಯಿಲ್ಲದ ಮುಂದಿನ ತ್ರೈಮಾಸಿಕದಲ್ಲಿಯೂ 19.7 ಲಕ್ಷ ಹೋದದ್ದನ್ನು ನೋಡಿದವರಿಗೆ ಅದರ ಭವಿಷ್ಯ ಆಗಲೇ ತಿಳಿಯಬಹುದಿತ್ತು.

ಈ ಪರೀಕ್ಷೆಯೂ ಕೊನೆಯ ತೀರ್ಪಲ್ಲ. ನಿಂಟೆಂಡೊ 3ಡಿಎಸ್ 2011ರ ಮಾರ್ಚ್ ಕೊನೆಯವರೆಗೆ 36.1 ಲಕ್ಷ ಹೋಗಿ, ಮುಂದಿನ ತ್ರೈಮಾಸಿಕದಲ್ಲಿ 7.1 ಲಕ್ಷಕ್ಕೆ ಕುಸಿಯಿತು. ಕಂಪನಿ ಅದೇ ಆಗಸ್ಟ್‌ನಲ್ಲಿ ಬೆಲೆಯನ್ನು 249.99 ಡಾಲರಿನಿಂದ 169.99 ಡಾಲರಿಗೆ ಇಳಿಸಿತು, ಕೊನೆಗೆ 7.59 ಕೋಟಿ ಮಾರಾಟವಾಯಿತು. ಇದಕ್ಕೆ ತದ್ವಿರುದ್ಧವಾದದ್ದು ಸೆಗಾ ಡ್ರೀಮ್‌ಕಾಸ್ಟ್: 1999ರ ಸೆಪ್ಟೆಂಬರ್ 9ರಂದು ಅಮೆರಿಕದಲ್ಲಿ 24 ಗಂಟೆಗಳಲ್ಲಿ 2,25,132 ಮಾರಾಟವಾಗಿ ಸುದ್ದಿ ಮಾಡಿದ ಆ ಕನ್ಸೋಲ್‌ನ ತಯಾರಿಕೆ 2001ರ ಮಾರ್ಚ್‌ಗೆ ನಿಂತುಹೋಯಿತು.

ಕನ್ಸೋಲ್ ಜೊತೆಗೆ ಎಷ್ಟು ಗೇಮ್‌ಗಳು ಹೋದವು ಎಂಬುದನ್ನೂ ಒಂದು ಅಂಕಣದಲ್ಲಿ ಇಡಬಹುದು. ಆಡಲು ಕೊಂಡವರೆಷ್ಟು, ಮರುಮಾರಾಟಕ್ಕೆ ಕೊಂಡವರೆಷ್ಟು ಎಂಬುದರ ಸುಳಿವು ಅಲ್ಲಿದೆ. 2017ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ 9,06,000 ಸ್ವಿಚ್ ಮಾರಾಟವಾದಾಗ ಅದರ ಝೆಲ್ಡಾ ಗೇಮ್‌ನ ಪ್ರತಿಗಳು ಸುಮಾರು 9,25,000 ಹೋದವು, ಅಂದರೆ ಕನ್ಸೋಲ್‌ಗಿಂತ ಗೇಮ್ ಹೆಚ್ಚು. ಕನ್ಸೋಲ್ ಸಿಗುವ ಮೊದಲೇ ಗೇಮ್ ಕೊಂಡಿಟ್ಟುಕೊಂಡವರು ಇದ್ದಿರಬಹುದು.

ವರದಿಯಲ್ಲಿ ಸ್ಥಳೀಯ ಅಧ್ಯಾಯವೊಂದು ಬೇಕೆಂದು ಗೈಡ್ ಕೇಳಿದರೆ ಹುಬ್ಬಳ್ಳಿಯಲ್ಲಿಯೇ ಇದೇ ಕ್ರಮವನ್ನು ಚಿಕ್ಕದಾಗಿ ಮಾಡಿ ನೋಡಬಹುದು. ಆದರೆ ದಿನಾಂಕಗಳನ್ನು ನಮ್ಮವಾಗಿ ಬದಲಿಸಿಕೊಳ್ಳಬೇಕು: ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಜಗತ್ತಿನ ಜೊತೆಗೇ 2020ರ ನವೆಂಬರ್ 10ರಂದು, ಅಂದರೆ ದೀಪಾವಳಿಯ ವಾರದಲ್ಲಿ, ಭಾರತಕ್ಕೆ ಬಂದಿತು, ಪ್ಲೇಸ್ಟೇಷನ್ 5 ಬಂದದ್ದು 2021ರ ಫೆಬ್ರವರಿ 2ರಂದು. ಬಿಡುಗಡೆಯಾದಾಗ ಎರಡರ ಬೆಲೆಯೂ 49,990 ರೂಪಾಯಿ ಆಗಿತ್ತು. ಮೊದಲ ಸ್ವಿಚ್ 2017ರಲ್ಲಿ ಇಲ್ಲಿ ಅಧಿಕೃತವಾಗಿ ಬಿಡುಗಡೆಯೇ ಆಗಲಿಲ್ಲವಾದ್ದರಿಂದ ಅದನ್ನು ಈ ಅಧ್ಯಾಯದಿಂದ ಹೊರಗಿಡಬೇಕು. ಅಂಗಡಿಗೆ ಹೋಗಿ ‘ಹೆಂಗ ಹೊಂಟೈತ್ರಿ?’ ಎಂದು ಕೇಳಿದರೆ ‘ಚಲೋ ಹೊಂಟೈತಿ’ ಎಂಬ ಉತ್ತರ ಸಿಗುತ್ತದೆ, ಅದರಿಂದ ಕೋಷ್ಟಕ ತುಂಬುವುದಿಲ್ಲ. ಮೊದಲ ಲಾಟಿನಲ್ಲಿ ವಿತರಕರಿಂದ ಬಂದ ಪೀಸ್ ಎಷ್ಟು, ಮುಂಗಡ ಕೊಟ್ಟು ಕಾಯುತ್ತಿದ್ದವರು ಎಷ್ಟು ಜನ, ಮೊದಲ ವಾರ ಹರಿದ ಬಿಲ್ ಎಷ್ಟು, ಎರಡನೆಯ ಲಾಟು ಎಷ್ಟು ದಿನಕ್ಕೆ ತರಿಸಿದರು ಎಂದು ಬಿಡಿಬಿಡಿಯಾಗಿ ಕೇಳಬೇಕು. ಒಬ್ಬ ಪಾರ್ಲರಿನವನೇ ನಾಲ್ಕು ಪೀಸ್ ಒಯ್ದಿದ್ದರೆ ಅದು ನಾಲ್ಕು ಮಾರಾಟ, ಆದರೆ ಗಿರಾಕಿ ಒಬ್ಬನೇ. ಬಿಲ್ ಪುಸ್ತಕದಲ್ಲಿ ಇದು ತಾನಾಗಿ ಕಾಣಿಸುವುದಿಲ್ಲ, ಬಾಯಿಬಿಟ್ಟು ಕೇಳಿಯೇ ಬರೆದುಕೊಳ್ಳಬೇಕು.

ಕೊನೆಗೆ ಫಲಿತಾಂಶವನ್ನು ವಾಕ್ಯವಾಗಿ ಬರೆಯುವಾಗ ಏನನ್ನು ಎಣಿಸಿದ್ದು, ಯಾವ ದಿನದವರೆಗೆ, ಎಷ್ಟು ದೇಶಗಳಲ್ಲಿ ಎಂಬ ಮೂರನ್ನೂ ವಾಕ್ಯದೊಳಗೇ ಸೇರಿಸಬೇಕು, ಅಡಿಟಿಪ್ಪಣಿಗೆ ತಳ್ಳಬಾರದು. ವಾಕ್ಯ ಉದ್ದವಾದರೆ ಆಗಲಿ. ‘2013ರಲ್ಲಿ ಪ್ಲೇಸ್ಟೇಷನ್ 4 ಗೆದ್ದಿತು’ ಎನ್ನುವುದರ ಬದಲು, ‘ಗಿರಾಕಿಗಳ ಕೈಸೇರಿದ ಲೆಕ್ಕದಲ್ಲಿ ಪ್ಲೇಸ್ಟೇಷನ್ 4 ಮೊದಲ 17 ದಿನಗಳಲ್ಲಿ, ಹೆಚ್ಚಿನ ದಿನ ಎರಡೇ ದೇಶಗಳಲ್ಲಿದ್ದು, 21 ಲಕ್ಷ ಮಾರಾಟವಾಯಿತು, ಎಕ್ಸ್‌ಬಾಕ್ಸ್ ಒನ್ 13 ದೇಶಗಳಲ್ಲಿ 18 ದಿನಗಳಿಗೆ 20 ಲಕ್ಷ ದಾಟಿತು, ಡಿಸೆಂಬರಿನ ಉಳಿದ ದಿನಗಳಲ್ಲಿ ಮೊದಲನೆಯದರ ವೇಗ ಎರಡನೆಯದರ ಒಂದೂವರೆ ಪಟ್ಟಿಗಿಂತ ಹೆಚ್ಚಿತ್ತು’ ಎಂದು ಬರೆದರೆ ವೈವಾದಲ್ಲಿ ಪರೀಕ್ಷಕರು ಯಾವ ಸಂಖ್ಯೆಯ ಮೇಲೆ ಬೆರಳಿಟ್ಟು ಕೇಳಿದರೂ ಉತ್ತರ ಆ ವಾಕ್ಯದಲ್ಲಿಯೇ ಇರುತ್ತದೆ.